ಏಳರ ಮಗ್ಗಿ

ಸಾಯನ್ ದವಾಖಾನೆ, ಹನ್ನೊಂದನೇ ಖೋಲಿ, ಗುರುವಾರ.
ಒಳಗೆ ಕೂತವಳನ್ನು ಎಲ್ಲರೂ ತಾಯಿ ಅನ್ನುತ್ತಾರೆ.
ಮರಾಠಿಯಲ್ಲಿ ಅದು ಅಕ್ಕ. ನನ್ನ ಬಾಯಲ್ಲಿ ಅವ್ವ.
ವಯಸ್ಸಿನಲ್ಲಿ ನನಗಿಂತ ಒಂಬತ್ತು ವರ್ಷ ಸಣ್ಣಾಕಿ.

ಮೊದಲ ನಾಲ್ಕು ಗುರುವಾರ
ಸೀರೆಗೆ ಫಾಲ್ ಹಚ್ಚುವ ದರದ ಬಗ್ಗೆಯೇ ಮಾತಾಡಿದೆ.
ಐದನೆಯದಕ್ಕೆ, ಫ್ಯಾನು ಬಂದ್ ಮಾಡ್ರಿ, ಎಂದೆ.
ಯಾಕೆಂದು ಕೇಳದೆ ಎದ್ದಳು.
ಇಬ್ಬರೂ ಬೆವತೆವು.

ಆಮೇಲೆ ಹೇಳಿದೆ.
ಕುರ್ಲಾದ ಆ ರಾತ್ರಿ ನಾಲ್ಕು ಮಜಲು ನನ್ನ ಮೇಲೆ ಮಲಗಿದ್ದವು.
ಎಡಗೈ ಎಲ್ಲಿದೆ ಗೊತ್ತಿಲ್ಲ. ಬಾಯಿತುಂಬ ಸುಣ್ಣ.
ಕತ್ತಲೆಯ ಆಚೆಯಿಂದ ಮೇಲಿನ ಮನೆಯ ಮಲ್ಹಾರ,
ಕಾಕೂ, ಝೋಪ್ ಯೇತೇ, ಅಂದ.
ಮಲಗಬ್ಯಾಡೋ, ಮಗ್ಗಿ ಹೇಳು.
ಅವನು ಮರಾಠಿಯಲ್ಲಿ, ನಾನು ಕನ್ನಡದಲ್ಲಿ.
ಎರಡರದು ಮುಗಿಯಿತು, ಮೂರರದು, ಆರರದೂ ಮುಗಿಯಿತು.
ಸಾತ್ ಪಂಚೇ ಪಸ್ತೀಸ್, ಅಂದ.
ಏಳೈದ್ಲೆ ಮೂವತ್ತೈದು, ಅಂದೆ.
ಕಾದೆ.

ಹಾರೆಯ ಸದ್ದು ಬರುವತನಕ ಕಾದೆ. ಆಮೇಲೂ ಮೂರು ವರ್ಷ.
ಗುಂಡಿ ಎಣಿಸುವಾಗ, ಚಿಲ್ಲರೆ ಎಣಿಸುವಾಗ
ನಲವತ್ತೊಂದಾದ ಮೇಲೆ ನಲವತ್ತಮೂರು.
ಗಿರಾಕಿಗಳು ಜಗಳಾಡಿದರು.
ಗಂಡ ಮೊದಮೊದಲು ನಕ್ಕ.

ತಾಯಿ ಗಂಟು ಬಿಡಿಸಲಿಲ್ಲ. ದಾರ ನನ್ನ ಕೈಯಲ್ಲೇ ಬಿಟ್ಟು
ಗುರುವಾರದಿಂದ ಗುರುವಾರಕ್ಕೆ ಜೊತೆಗೆ ಕೂತಳು.
ಒಮ್ಮೆ ಮಾತ್ರ ಕೇಳಿದಳು:
ಅವನ ಕೊನೆಯ ಮಾತು ಈಗ ಯಾರ ಹತ್ತಿರ ಇದೆ?

ನನ್ನ ಹತ್ತಿರ.
ಎಲೆಯಡಿಕೆ ಚೀಲದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು
ಅವನ ಆಯಿ ಎದುರಾದರೆ ಗಲ್ಲಿ ಬದಲಿಸುತ್ತಿದ್ದೆ.

ಮೊನ್ನೆ ಹೋದೆ. ಚುನಾಭಟ್ಟಿ, ಹಳಿಯ ಪಕ್ಕದ ಚಾಳು.
ಒಂದು ಲೋಕಲ್ ಹೋಯಿತು, ಲೋಟಗಳು ನಡುಗಿದವು,
ನಾನೂ.
ಚಹಾ ಆರಿದ ಮೇಲೆ ಹೇಳಿದೆ: ಮೂವತ್ತೈದು.

ಅವಳು ಬಹಳ ಹೊತ್ತು ನೆಲ ನೋಡಿದಳು.
ಆಮೇಲೆ ನಕ್ಕಳು, ಸೆರಗಿನೊಳಗೆ.
"ಸಾತ್ ಸಕ ಅವನಿಗೆ ಎಂದೂ ಬರಲಿಲ್ಲ.
ಯಾವಾಗಲೂ ಅಲ್ಲೇ ತಡವರಿಸುತ್ತಿದ್ದ.
ಅದಕ್ಕೇ ಒಮ್ಮೆ ಹೊಡೆದೆ ನಾನು. ಫುಟ್‌ಪಟ್ಟಿಯಿಂದ."

ನನಗೂ ಆ ಅಂಕಿ ಇನ್ನೂ ಬಾಯಿಗೆ ಬಂದಿಲ್ಲ.
ತಡವರಿಸಲಿ. ಇಬ್ಬರೂ ಅಲ್ಲೇ ತಡವರಿಸೋಣ.

ಏಳುವ ಮುಂಚೆ ಫಾಲ್ ಬಿಲ್ಲಿನ ಹಿಂದೆ ಬರೆದುಕೊಟ್ಟೆ:
ಸಾಯನ್. ಗುರುವಾರ. ಖೋಲಿ ಹನ್ನೊಂದು.
ಬೇಡವೆಂದರೆ ಫ್ಯಾನು ನಿಲ್ಲಿಸುತ್ತಾರೆ.