ಕಿವುಡನ ಮುಂದೆ, ೧೯೭೦

ಆ ಸಂಗೀತಕ್ಕಿನ್ನೂ ಯಾರೂ ಹೆಸರಿಟ್ಟಿರಲಿಲ್ಲ.
ಕ್ರೇಡ್ಲಿ ಹೀತಿನಲ್ಲಿ ನಾವದನ್ನು
ರಾಯ್‌ಸ್ಟನ್ನನ ಗಲಾಟೆ ಅನ್ನುತ್ತಿದ್ದೆವು.
ಅಮ್ಮ ಅಷ್ಟೂ ಅನ್ನುತ್ತಿರಲಿಲ್ಲ,
ಕಿಟಕಿ ಮುಚ್ಚುತ್ತಿದ್ದಳು.

ನನಗೆ ಇಪ್ಪತ್ತೆರಡು. ಸರಪಳಿ ಕಾರ್ಖಾನೆಯ ಆಫೀಸಿನಲ್ಲಿ
ಸಂಬಳದ ಲಕೋಟೆ ತುಂಬುವ ಕೆಲಸ.
ಹಳೆಯ ಪೆನ್ನಿಗಳ ಕೊನೆಯ ಪೂರಾ ವರ್ಷ ಅದು:
ಹನ್ನೆರಡಕ್ಕೊಂದು ಶಿಲ್ಲಿಂಗು, ಇಪ್ಪತ್ತಕ್ಕೊಂದು ಪೌಂಡು.
ರಾಜರ ಮೂಗು ಸವೆದು ಬರೀ ತಾಮ್ರವಾದದ್ದನ್ನು
ಎಣಿಸಿ ಎಣಿಸಿ ಸಂಜೆಗೆ ಬೆರಳೆಲ್ಲ
ಹಸಿರು ನಾರುತ್ತಿತ್ತು.

ಅಪ್ಪ, ಜೇಬೆಜ್ ಟ್ರಾಂಟರ್,
ಸುತ್ತಿಗೆಮನೆಯಲ್ಲಿ ಮೂವತ್ತೊಂದು ವರ್ಷ.
ಎರಡು ಟನ್ನಿನ ಆವಿಸುತ್ತಿಗೆ ಅವನ ಕಿವಿಯನ್ನು
ಮೊದಲು ಹಕ್ಕಿಗಳಿಂದ ಬಿಡಿಸಿತು,
ಆಮೇಲೆ ಕೆಟಲಿನಿಂದ, ಚಾಪೆಲಿನ ಹಾಡಿನಿಂದ,
ಕೊನೆಗೆ ನಮ್ಮಿಂದ.
ಮನೆಯಲ್ಲಿ ನಾವು ಬರೀ ತುಟಿಯಲ್ಲಿ ಮಾತಾಡುತ್ತಿದ್ದೆವು.
ಸುಳ್ಳು ಹೇಳಬೇಕಾದಾಗ
ಬೆನ್ನು ತಿರುಗಿಸಿದರೆ ಸಾಕಿತ್ತು.

ನೆವಿಲ್ ಪಾರ್ಜಿಟರನ ಗಿಟಾರು ಕಂತಿನದು, ಕುತ್ತಿಗೆ ಬಾಗಿದ್ದು.
ಬಿಗಿದರೆ ಮುರಿದೀತೆಂದು ತಂತಿ ಸಡಿಲ ಬಿಟ್ಟ.
ಸ್ವರ ಇಳಿಯಿತು. ಇನ್ನೂ ಇಳಿಯಿತು.
ಗಣಿಯ ಪಂಜರದ ಹಾಗೆ ಕೆಳಕ್ಕೆ ಕೆಳಕ್ಕೆ ಹೋಗಿ
ಕಲ್ಲಿದ್ದಲು ತಾಗಿ ನಿಂತಿತು.
ಈಗ ಇದಕ್ಕೆ ಶೈಲಿ ಅನ್ನುತ್ತಾರಂತೆ.
ಆಗ ಅದು ಆರು ಪೌಂಡು ಬಾಕಿ.

ರಾಯ್‌ಸ್ಟನ್ ಹಗಲು ಅಪ್ಪನ ಪಕ್ಕದಲ್ಲೇ ಇಕ್ಕಳ ಹಿಡಿಯುವವನು,
ರಾತ್ರಿ ಡ್ರಮ್ಮು.
ಆಂಪ್ಲಿಫೈಯರು ಮೆಟ್ಟಿಲೇರಿಸಲು ಫೌಂಡ್ರಿಯ ಗುರ್ಮೇಜ್ ಬರುತ್ತಿದ್ದ,
ಒಂದೇ ಹೆಗಲಲ್ಲಿ,
ಇಳಿಸಿ, ಕಿವಿಗೆ ಹತ್ತಿ ತುರುಕಿಕೊಂಡು, ಮುಂದಿನ ಸಾಲಿನಲ್ಲೇ ಕೂರುತ್ತಿದ್ದ.

ಡಿಸೆಂಬರು. ಕರೆಂಟಿನವರ ಚಳವಳಿ.
ಕತ್ತಲೆಗೂ ಸರದಿ ಹಚ್ಚಿದ್ದರು.
ನಮ್ಮ ಬೀದಿಗೆ ಏಳಕ್ಕೆ ಹೋಯಿತು,
ಮಿಸೆಸ್ ಹಿಂಗ್ಲಿಯ ಪಬ್ಬಿಗೆ ಒಂಬತ್ತಕ್ಕೆ ಹೋಗಬೇಕಿತ್ತು.
ನಡುವಿನ ಆ ಎರಡು ಗಂಟೆಯ ಬೆಳಕಿಗೆಂದು ಬಂದ ಅಪ್ಪ,
ಮಗನಿಗೆಂದಲ್ಲ.

ಮೇಲಿನ ಕೋಣೆ. ಒದ್ದೆ ಕೋಟುಗಳ ವಾಸನೆ.
ಕಿವುಡನ ಮುಂದೆ ಕಿನ್ನರಿ ಬಾರಿಸಿದರೆ ವ್ಯರ್ಥ ಅನ್ನುತ್ತಾರೆ.
ಕಿನ್ನರಿಯಾದರೆ ವ್ಯರ್ಥವೇ ಇರಬಹುದು.
ಇದು ನೆಲದೊಳಗಿನಿಂದ ಬಂತು,
ಮೇಜಿನ ಕಾಲು ಹತ್ತಿತು,
ಗ್ಲಾಸಿನ ಕಪ್ಪು ಬಿಯರಿನಲ್ಲಿ ಉಂಗುರ ಉಂಗುರ ಬಿಡಿಸಿತು.
ಅಪ್ಪ ಉಂಗುರ ನೋಡಿದ.
ಟೋಪಿ ತೆಗೆದ.
ಅಂಗೈ ಮೇಜಿಗೆ ಒತ್ತಿದ, ಸುಟ್ಟ ಕಲೆಗಳ ಅಂಗೈ,
ಜ್ವರದ ಮಗುವಿನ ಹಣೆ ಮುಟ್ಟುವವನ ಹಾಗೆ.

ಎರಡು ಹಾಡು ಕಳೆದ ಮೇಲೆ ಕೂಗಿದ,
ತನ್ನ ದನಿ ಎಷ್ಟೆಂದು ಅವನಿಗೆ ಗೊತ್ತಿರಲಿಲ್ಲ:
"ಹುಡುಗ ತಡ! ಬೀಳೋದು ಸರಿ ಬೀಳ್ತಾನೆ,
ಏಳೋದು ತಡ!"
ಸಭೆ ನಕ್ಕಿತು. ರಾಯ್‌ಸ್ಟನ್ನನ ಕಿವಿ ಕೆಂಪಾದವು,
ಕಾದ ಕಬ್ಬಿಣದ ಎರಡು ಚೂರು.

ಆಗ ಒಂಬತ್ತಾಯಿತು.
ದೀಪ ಹೋಯಿತು, ಗಿಟಾರು ಸತ್ತಿತು,
ಹಾಡುವವನ ಬಾಯಿ ಬರೀ ಬಾಯಿಯಾಯಿತು.
ಡ್ರಮ್ಮು ಮಾತ್ರ ನಿಲ್ಲಲಿಲ್ಲ.
ಕತ್ತಲಲ್ಲಿ ಅಪ್ಪನ ದನಿ:
"ಕುಲುಮೆ ಯಾಕೆ ಆರಿಸಿದರು, ಬೆರಿಲ್?
ಸುತ್ತಿಗೆ ಇನ್ನೂ ಓಡ್ತಿದೆಯಲ್ಲ?"

ಏನು ಹೇಳಲಿ, ನನ್ನ ತುಟಿ ಅವನಿಗೆ ಕಾಣದು.
ಎತ್ತಿದ್ದ ಅವನ ಕೈಯನ್ನು ಹುಡುಕಿ
ಮತ್ತೆ ಮೇಜಿನ ಮೇಲಿಟ್ಟೆ.
ಬಹಳ ಹೊತ್ತು ಹಾಗೇ ಇದ್ದೆವು.
ಅವನು ಏಳುವುದನ್ನೂ ಸರಿ ಏಳತೊಡಗಿದ್ದ, ರಾಯ್‌ಸ್ಟನ್.
ಅಥವಾ ಕತ್ತಲಿಗೆ ನನಗೆ ಹಾಗನ್ನಿಸಿತು.

ಫೆಬ್ರವರಿಗೆ ಪೆನ್ನಿ ಬದಲಾಯಿತು, ನಾನು ನೂರಕ್ಕೆ ಎಣಿಸಲು ಕಲಿತೆ.
ಮಾರ್ಚಿಗೆ ನೆವಿಲ್ ಗಿಟಾರು ಅಂಗಡಿಗೇ ಒಪ್ಪಿಸಿದ.
ಅವರದೊಂದು ರೆಕಾರ್ಡಿಲ್ಲ, ಫೋಟೋ ಇಲ್ಲ,
ತಂಡದ ಹೆಸರನ್ನೂ ಮೂರು ಸಲ ಬದಲಿಸಿದ್ದರು,
ಕೊನೆಯದು ನನಗೆ ನೆನಪಿಲ್ಲ.

ಚೆನ್ನಾಗಿತ್ತು ಅಂತ ಅಪ್ಪ ಒಮ್ಮೆಯೂ ಹೇಳಲಿಲ್ಲ.
ಮರುದಿನ ಊಟದ ಮೇಜಿನಲ್ಲಿ
ಚಮಚ ತಿರುಗಿಸಿ ಹಿಡಿದು, ರಾಯ್‌ಸ್ಟನ್ನನನ್ನೇ ನೋಡುತ್ತ,
ಬಡಿದ, ಎತ್ತಿದ. ಬಡಿದ, ಎತ್ತಿದ.
ರಾಯ್‌ಸ್ಟನ್ ಫೋರ್ಕು ಎತ್ತಿಕೊಂಡ.
ಬಟಾಣಿ ಹಾರಿದವು.
ಅಮ್ಮ ಎದ್ದು ಹೋಗಿ ಕಿಟಕಿ ಮುಚ್ಚಿದಳು.