ಕೆಳಗಿನ ತಂತಿ

ಅಡುಗೆಮನೆಯ ಮೇಜಿನ ಮೇಲೆ ವಯೋಮಿಂಗ್ ಹರಡಿದೆ,
ಒಂದು ಮೂಲೆಗೆ ಉಪ್ಪಿನ ಡಬ್ಬಿ, ಇನ್ನೊಂದಕ್ಕೆ ನನ್ನ ಕನ್ನಡಕದ ಪೆಟ್ಟಿಗೆ.
ಹಳದಿ ಕೇಂದ್ರದ್ದು, ನೀಲಿ ರಾಜ್ಯದ್ದು, ಬಿಳಿ ಯಾರದೋ.
ಹಳದಿ ಚೌಕದ ನಾಲ್ಕೂ ಕಡೆ ಬಿಳಿ:
ಎಲ್ಲರ ನೆಲ, ಯಾರೂ ಕಾಲಿಡಲಾಗದ ನೆಲ.
ಆಕಾಶದಿಂದ ಉದುರಿಬಿಡು ಅಂತ ವೆಂಡೆಲ್ ನಗುತ್ತಾನೆ.

ಒಹಾಯೋದವನು ನಾನು, ಬಾಯ್ಲರ್ ರಿಪೇರಿ ಕಸುಬು.
ಮೂವತ್ತು ವರ್ಷ ಓಕ್ ಮರದ ಅಟ್ಟಣೆಯಲ್ಲಿ ಕೂತು
ನಲವತ್ತು ಹೆಜ್ಜೆಯಾಚೆಯ ಜಿಂಕೆಗೆ ಕಾದವನು.
ಬೇಟೆಯೆಂದರೆ ನನಗೆ ಕಾಣದಂತಿರುವುದು.
ಅಲ್ಲಿ ಮರವೇ ಇಲ್ಲ.
ಮೊಣಕಾಲೆತ್ತರದ ಸೇಜ್ ಗಿಡ, ಅದರ ಮೇಲೆ ಬರೀ ಗಾಳಿ.
ಎರಡು ಮೈಲಿ ದೂರದಲ್ಲಿ ಟೋಪಿ ತೆಗೆದರೂ
ನನ್ನ ಬೋಳುತಲೆ ಅದಕ್ಕೆ ಕಾಣುತ್ತದಂತೆ.

ಪ್ರಾಂಗ್‌ಹಾರ್ನ್.
ಅಲ್ಲಿನವರು ಆಂಟಿಲೋಪ್ ಅನ್ನುತ್ತಾರೆ,
ಸಲಿಗೆ ಬಂದರೆ ಮೇಕೆ. ಎರಡೂ ಅಲ್ಲ.
ಅದರ ವಂಶದಲ್ಲಿ ಉಳಿದಿರುವುದು ಅದೊಂದೇ.
ಅಟ್ಟಿಸಿಕೊಂಡು ಬರುತ್ತಿದ್ದ ಮೃಗ ನಿರ್ನಾಮವಾಗಿ ಯಾವ ಕಾಲವಾಯಿತೋ,
ಓಟ ಮಾತ್ರ ಬಿಟ್ಟಿಲ್ಲ,
ಸಾಲ ಕೊಟ್ಟವನು ಸತ್ತ ಮೇಲೂ
ತಪ್ಪದೆ ಕಂತು ಕಟ್ಟುವವನ ಹಾಗೆ.

ಹೊರರಾಜ್ಯದವರಿಗೆ ಸಾಲು ಬೇರೆ, ದರ ಬೇರೆ, ಅದೃಷ್ಟವೂ ಬೇರೆ.
ನಾಲ್ಕು ವರ್ಷದಿಂದ ಆದ್ಯತೆಯ ಅಂಕ ಕೊಳ್ಳುತ್ತಿದ್ದೇನೆ.
ಪ್ರತಿ ಸಲವೂ ಅದೇ ಪ್ರಶ್ನೆ: ನಿವಾಸಿಯೇ?
ಅಲ್ಲ ಎಂದು ಒತ್ತುವಾಗ ಬೆರಳು ಸ್ವಲ್ಪ ತಡೆಯುತ್ತದೆ.
ಹುಟ್ಟಿದ ಬೀದಿಯಲ್ಲೇ ಮುದುಕನಾದವನಿಗೆ
ಹೊರಗಿನವನಾಗುವುದು ಅಭ್ಯಾಸವಿಲ್ಲ.

ಐಸ್ ಪೆಟ್ಟಿಗೆ ತಂದೆ, ಹೆಣದಷ್ಟು ಉದ್ದದ್ದು.
ಸೆಪ್ಟೆಂಬರಿನ ಬಿಸಿಲಿಗೆ ಮಾಂಸ ಕೆಡುತ್ತದೆ,
ಬಿದ್ದ ಗಳಿಗೆಯಲ್ಲೇ ಚರ್ಮ ಸುಲಿಯಬೇಕು.
ಕೂಸು ಹುಟ್ಟುವ ಮುಂಚೆ ಕುಲಾವಿ, ಅಂದಳು ಲಿಯೋಟಾ,
ಚೀಟಿ ಎತ್ತುವುದು ಜೂನ್‌ಗೆ ತಾನೇ?
ಅಲ್ಲಿಯವರೆಗೆ ಅದರಲ್ಲಿ ಈರುಳ್ಳಿ ಇಟ್ಟುಕೊಂಡಿದ್ದಾಳೆ.

ಬಿಳಿ ಚೌಕಕ್ಕೆ ಫೋನ್ ಮಾಡಿದೆ.
ಐಯೋನ್ ಸ್ಟರ್ಡಿವಂಟ್, ಎಪ್ಪತ್ತೆಂಟು ವರ್ಷ,
ದನಿಯಲ್ಲಿ ಜಲ್ಲಿಕಲ್ಲು.
‘ಈ ವಾರ ಕೇಳಿದವರಲ್ಲಿ ನೀನು ಹದಿನಾಲ್ಕನೆಯವನು.
ದೊಡ್ಡ ಕೊಂಬಿನ ಗಂಡೇ ಬೇಕಾ?’
ಹೆಣ್ಣಾದರೂ ಸರಿ ಅಂದೆ.
ಆ ಕಡೆ ಯಾವುದೋ ನಾಯಿ ನೀರು ಕುಡಿಯುವ ಸದ್ದು.
‘ತಂತಿ ಎಳೆಯೋದು ಗೊತ್ತಾ?’
ಪೈಪು ಗೊತ್ತು.

ಆಮೇಲೆ ಅವಳೇ ಹೇಳಿದಳು.
ಹಾರಬಲ್ಲದು, ಆದರೆ ಹಾರುವುದಿಲ್ಲ ಆ ಪ್ರಾಣಿ.
ಬೇಲಿ ಸಿಕ್ಕರೆ ಹೊಟ್ಟೆ ಕೆಳಗೆ ಮಾಡಿ ನುಸುಳುತ್ತದೆ.
ಗಂಡ ಕುರಿಗಳಿಗೆಂದು ತಗ್ಗಿಗೆ ಕಟ್ಟಿದ್ದ ಮುಳ್ಳುತಂತಿ,
ಹೋದ ಚಳಿಗಾಲ ಹಿಮ ಗಟ್ಟಿಯಾಗಿ
ಆ ಸಂದೂ ಮುಚ್ಚಿಹೋಯಿತು.
ಇಪ್ಪತ್ತಮೂರು ಎಣಿಸಿದಳಂತೆ, ಎಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ.
‘ಆಮೇಲೆ ಎಣಿಸೋದು ಬಿಟ್ಟೆ.
ಮೇ ತಿಂಗಳಲ್ಲಿ ಬಾ. ಕೆಳಗಿನ ಮುಳ್ಳು ಬಿಚ್ಚಬೇಕು,
ನುಣುಪು ತಂತಿ, ನೆಲದಿಂದ ಒಂದೂವರೆ ಅಡಿ.
ಮೂರು ಮೈಲಿ ಇದೆ.’
ಚೀಟಿಯಲ್ಲಿ ನನ್ನ ಹೆಸರು ಬರದಿದ್ದರೆ?
‘ಬೇಲಿ ಹೇಗೂ ಇರುತ್ತಲ್ಲ.’

ನನ್ನ ಪಟ್ಟಿ ಈಗ ಹೀಗಿದೆ:
ರೈಫಲ್, ಇನ್ನೂರು ಗಜಕ್ಕೆ ಗುರಿ ಸರಿಮಾಡಿಸಬೇಕು.
ಮೊಣಕಾಲಿಗೆ ಚಿಪ್ಪು, ಕಳ್ಳಿಮುಳ್ಳಿಗೆ.
ಇಕ್ಕಳ, ತೊಗಲಿನ ಕೈಗವಸು, ಎರಡು ಜೊತೆ.
ಅವಳಿಗೆ ಏನಾದರೂ, ಇಲ್ಲಿನದು, ಮೇಪಲ್ ಪಾಕ?
ಮೊದಲಿದ್ದ ‘ಗೋಡೆಗೆ ತಲೆ, ಖರ್ಚು ಕೇಳುವುದು’
ಹೊಡೆದುಹಾಕಿಲ್ಲ, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ.

ರಾತ್ರಿ ಗ್ಯಾರೇಜಿನಲ್ಲಿ ಎರಡು ಬಾಯ್ಲರಿನ ನಡುವೆ
ಒಂದೂವರೆ ಅಡಿಗೆ ದಾರ ಕಟ್ಟಿದೆ.
ಅಂಗಾತ ಅಲ್ಲ, ಬೋರಲು.
ತಲೆ ಹೋಯಿತು, ಭುಜ ಹೋಯಿತು,
ಬೆಲ್ಟಿನ ಹತ್ತಿರ ದಾರ ಅಂಗಿಯ ಮಡಿಕೆ ಹಿಡಿಯಿತು.
ಕಾಂಕ್ರೀಟು ತಣ್ಣಗೆ ಹೊಟ್ಟೆಗೆ ಏರುತ್ತಿತ್ತು.

ಬಾಗಿಲಲ್ಲಿ ಲಿಯೋಟಾ, ಕೈಯಲ್ಲಿ ಈರುಳ್ಳಿ.
‘ಸಿಕ್ಕಿಕೊಂಡೆಯಾ?’
ಇಲ್ಲ, ಅಂದೆ,
ಇರು, ನೋಡುತ್ತಿದ್ದೇನೆ.