ಹದಿನೆಂಟನೇ ಕಂಬ

ಹದಿನಾಕನೇ ನಂಬರಿನ ಖೋಲಿ.
ನಾಕು ಕಾಟು, ಮೂರು ಟೇಬಲ್ಲು, ಒಂದ ಕಿಡಕಿ.
ಕಿಡಕಿ ಆಚೆ ಬೇವಿನ ಗಿಡ, ಅದರಾಚೆ
ಸಪ್ತಾಪುರದ ಕಡೆ ಇಳಿಯೋ ರಸ್ತೆ.
ಟೇಬಲ್ಲು ಸಿಗದಾಂವ ನಾ. ತಡಾ ಆಗಿ ಬಂದೆ,
ಬ್ಯಾಡಗಿಯಿಂದ, ಅಪ್ಪನ ಹಳೇ ಟ್ರಂಕು ಹೊತಗೊಂಡು.
ತೆರೆದೆ.
ಮೂರೂ ಮಂದಿ ಸೀನಿದ್ರು.
ಅದ ನಮ್ಮ ಮೊದಲ ಮಾತುಕತಿ.

ದಾವಲಸಾಬ ನದಾಫ, ನವಲಗುಂದದಾಂವ,
ಹಾಸ್ಟೆಲ್ಲಿನ ಗಾದಿ ಹಿಚುಕಿ ನೋಡಿ ಅಂದ:
"ಇದು ಅರಳಿ ಅಲ್ಲೋ, ಅರಳಿ ಹೆಸರಿನ ಸುಳ್ಳು."
ಜಿನದತ್ತ ಹೊತ್ತು ಮುಳುಗೂದರಾಗ ಉಣ್ಣಾಂವ;
ಮೆಸ್ಸಿನಾಗ ಗಂಟಿ ಬಾರಿಸೂದು ಎಂಟಕ್ಕ.
ಮಧ್ಯಾಹ್ನದ್ದ ಎರಡು ಚಪಾತಿ
ಅಂಗಿಯೊಳಗ ಮುಚ್ಚಿ ತರೂದು ನಮಗ ರೂಢಿ ಆತು.
ಎಣ್ಣಿ ಕಲಿ ನನ್ನ ಎದಿ ಮ್ಯಾಲ ಇನ್ನೂ ಐತಿ,
ಆ ಬಿಳಿ ಅಂಗಿ ಒಗದರೂ ಹೋಗಲಿಲ್ಲ.

ಇನ್ನ ಖೀರಪ್ಪ ಲಮಾಣಿ, ಮುಂಡರಗಿ ಕಡೆ ತಾಂಡಾದಾಂವ.
ಮಾತಾಡತಿದ್ದಿಲ್ಲ.
ಕೇಳಿದ್ದಕ್ಕ ಹೂಂ, ನೀಡಿದ್ದಕ್ಕ ಸಾಕು.
ಬಕೆಟ್ಟಿನ ಮ್ಯಾಲ ಕೆಂಪು ಬಣ್ಣದಾಗ ಬರದ ಅವನ ಹೆಸರು
ಅವಗಿಂತ ಜೋರಾಗಿ ಮಾತಾಡತಿತ್ತು.

ಆದರ ರಾತ್ರಿ,
ಲೈಟು ತಗದ ಮ್ಯಾಲ, ಫ್ಯಾನು ಕೆಮ್ಮಿಕೋತ ತಿರಗುವಾಗ,
ಏಕ್, ದಿ, ತೀನ್, ಚಾರ್…
ನಿದ್ದಿಯೊಳಗ ಎಣಸಾಂವ.
ಮೊದಲನೇ ರಾತ್ರಿ ಅಂಜಿದ್ವಿ.
ಎರಡನೇ ವಾರ ಶರ್ತು ಹಚ್ಚಿದ್ವಿ:
ಆಡಂದ ಜಿನದತ್ತ. ನಾ ಅಂದೆ, ರೊಕ್ಕ.
ದಾವಲ ಅಂದ, ಅಕ್ಕ-ತಂಗೇರು ಇರಬೇಕು.
"ಹದಿನೇಳ ಮಂದಿನಾ!"
ನಕ್ಕ ನಗೀಗೆ ವಾರ್ಡನ್ ಬಂದು ಬಾಗಲಾ ಬಡದ.

ಎಣಿಕಿ ಹದಿನೇಳಕ್ಕ ನಿಲ್ಲತಿತ್ತು.
ದಿನಾ.
ಆಮ್ಯಾಲ ಬಿಗಿಹಿಡಿದ ಉಸಿರು,
ಕಾಟಿನ ಕಬ್ಬಣ ಕಿರ್ರ್ ಅನ್ನೂದು.
ಮುಂದಿನ ಅಂಕಿ ಕಾಯಕೋತ ನಮ್ಮ ನಿದ್ದಿನೂ ಹಾರೂದು,
ಇನ್ನೊಂದು ಪಾವಟಿಗಿ ಐತಿ ಅಂತ ಕಾಲಿಟ್ಟು
ಇಲ್ಲದ್ದಕ್ಕ ಮುಗ್ಗರಿಸಿಧಂಗ.

ಇಂಟರ್ನಲ್ ಹಿಂದಿನ ರಾತ್ರಿ ಕರೆಂಟು ಹೋಗಿತ್ತು.
ಗುಂಗಾಡ ಹೊಡಕೋತ ಕುಂತಿದ್ದ ದಾವಲ
ಬ್ಯಾಸತ್ತು, ತನ್ನ ಮನಿಮಾತಿನಾಗ, ಹಿಂಗ ಸುಮ್ಮನ,
ಅಂದ:
ಅಠಾರಾ.

ಖೀರಪ್ಪ ಉಸಿರು ಬಿಟ್ಟ. ಮಗ್ಗಲಾದ.
ಬೆಳಕು ಹರಿಯೂತನಕ ಮಿಸುಕಲಿಲ್ಲ.

ಅವತ್ತಿನಿಂದ ಪಾಳಿ ಹಚಗೊಂಡ್ವಿ.
ಜಿನದತ್ತ ಹದಿನೆಂಟು ಅಂದರೂ ನಡೀತು,
ನಾ ಒಂದಿನ ನಿದ್ದಿಗಣ್ಣಾಗ ಹತ್ತೊಂಬತ್ತು ಅಂದೆ,
ಅದೂ ನಡೀತು.

ಅವಗ ಹೇಳಿದ್ದು ದೀಪಾವಳಿ ಸೂಟಿ ಮುಗಿಸಿ ಬಂದ ಮ್ಯಾಲ,
ಅವನ ಯಾಡಿ ಕಟ್ಟಿ ಕಳಿಸಿದ ಸಜ್ಜಿ ರೊಟ್ಟಿ, ಗುರೆಳ್ಳ ಹಿಂಡಿ
ಹಂಚಕೊಂಡು ತಿನ್ನುವಾಗ.
ಕಿವಿ ಕೆಂಪಾದವು. ಆಮ್ಯಾಲ
ಮೂರು ತಿಂಗಳ ಮಾತು ಒಂದ ಸಲ ಬಂತು:
"ತಾಂಡಾದಿಂದ ಸಾಲಿಗೆ ಕತ್ತಲಾಗ ಬಿಡತಿದ್ದೆ,
ಲೈಟಿನ ಕಂಬ ಎಣಿಸಿಕೋತ.
ಹದಿನೇಳನೇದಕ್ಕ ಒಂದು ಕೆಂದ ನಾಯಿ ಇತ್ತಪಾ.
ಹದಿನೆಂಟಕ್ಕ ಚಾದಂಗಡಿ, ಮಂದಿ, ದೀಪ.
ನಡುವಿಂದಷ್ಟ…"
ಮುಂದ ಹೇಳಲಿಲ್ಲ, ಪ್ಯಾಂಟು ಎತ್ತಿ ಮೀನಖಂಡ ತೋರಿಸಿದ.

"ನಾಯಿ ಇನ್ನೂ ಐತೇನು?"
"ಸತ್ತು ಮೂರು ವರ್ಷ ಆತು."
"ಮತ್ತ?"
"ಮತ್ತೇನಿಲ್ಲ," ಅಂದ.
ರೊಟ್ಟಿ ಮುರದ.

ಫೆಬ್ರುವರಿಯಾಗ ರಿಸಲ್ಟು ಬಂತು.
ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದೆ, ಉಂಡಿದ್ದಿಲ್ಲ.
ಯಾರೂ ಏನೂ ಕೇಳಲಿಲ್ಲ.
ಬೇವಿನೆಲಿ ಉದುರತಿದ್ದವು, ಒಂದೊಂದ,
ಅಪ್ಪಗ ಹೆಂಗ ಹೇಳಲಿ, ಯಾವ ಮಾತಿಂದ ಸುರು ಮಾಡಲಿ,
ಅಂತ ಅಂತ ಅಂತ…
ಎಷ್ಟೊತ್ತೋ.
ಆಗ ಕತ್ತಲಾಗ, ಯಾವ ಕಾಟಿನಿಂದೋ,
ಅಠಾರಾ.

ದನಿ ದಾವಲಂದಲ್ಲ.

ನಾಕೂವರೆಗೆ ನಳಾ ಬಂತು,
ಕಾರಿಡಾರ ತುಂಬ ಬಕೆಟ್ಟು ಓಡಿದ ಸಪ್ಪಳ.
ಎದ್ದು ನೋಡಿದರ ನಂದು ಜಾಗಾದಾಗ ಇದ್ದಿಲ್ಲ.
ಬಾಗಲಾ ಮಗ್ಗಲಕ್ಕ ನಿಂತಿತ್ತು,
ತುಂಬಿ,
ಮ್ಯಾಲೊಂದು ಗಂಗಾಳ ಮುಚಗೊಂಡು.